ಕುದುರೆಮುಖ ಘಟ್ಟದಂಚಿನ ಚಾರಣ ಪಥಗಳು: ಅನುಮತಿ ಪಡೆಯುವ ವಿಧಾನ ಹಾಗೂ ಸಾರ್ವಜನಿಕರ ತಿಳುವಳಿಕೆಗಾಗಿ ಮಾಹಿತಿ

1. ಪೀಠಿಕೆ

ಉಡುಪಿ, ಮಣಿಪಾಲ, ಕಾಪು ಮತ್ತು ಕಾರ್ಕಳ ಪ್ರದೇಶಗಳ ಪೂರ್ವ ದಿಕ್ಕಿನಲ್ಲಿ ಪಶ್ಚಿಮ ಘಟ್ಟಗಳ ಸಾಲು ಗೋಡೆಯಂತೆ ಎದ್ದು ನಿಂತಿದೆ. ಕಾಪುವಿನ ಕಡಲತೀರದಿಂದ ಕುದುರೆಮುಖ ಶಿಖರಕ್ಕೆ ನೇರ ದೂರ 60 ಕಿ.ಮೀ.ಗಿಂತ ಕಡಿಮೆ. ಇಷ್ಟು ಅಂತರದೊಳಗೆ ನೆಲವು ಸಮುದ್ರಮಟ್ಟದಿಂದ ಸುಮಾರು 1,890 ಮೀಟರ್ ಎತ್ತರಕ್ಕೆ ಏರುತ್ತದೆ. ಈ ಘಟ್ಟದಂಚಿನ ಹುಲ್ಲು ಹೊದ್ದ ಬೆಟ್ಟದ ಏಣುಗಳ ಮೇಲೆ ನಡೆಯುವವರಿಗೆ ಆಕಾಶ ತಿಳಿಯಾಗಿರುವ ದಿನಗಳಲ್ಲಿ ಅರಬ್ಬೀ ಸಮುದ್ರವು ಗೋಚರಿಸುತ್ತದೆ. ಸಮುದ್ರದ ಕಡೆಗೆ ಮುಖ ಮಾಡಿದ ಪಾರ್ಶ್ವವು ಕುದುರೆಯ ಮುಖವನ್ನು ಹೋಲುವುದರಿಂದ ಶಿಖರಕ್ಕೆ ಈ ಹೆಸರು ಬಂದಿದೆ. ಸಂಸೆ ಗ್ರಾಮದ ಕಡೆಯಿಂದ ಏರುತ್ತಿದ್ದುದರಿಂದ ಹಿಂದೆ ಇದನ್ನು ಸಂಸೆಪರ್ವತ ಎಂದೂ ಕರೆಯಲಾಗುತ್ತಿತ್ತು.

ನಗರಕ್ಕೆ ಸಮೀಪವಿರುವ ಕಾರಣ ವಾರಾಂತ್ಯಗಳಲ್ಲಿ ಹಾಗೂ ಸರಣಿ ರಜಾ ದಿನಗಳಲ್ಲಿ ಈ ಪಥಗಳಿಗೆ ಬರುವವರ ಸಂಖ್ಯೆ ಅಧಿಕ. ಚಾರಣಕ್ಕೆ ಅನುಮತಿ ಕೋರುವ ನಾಗರಿಕರಿಗೆ ಅರ್ಜಿ ಸಲ್ಲಿಸುವ ಕ್ರಮ, ಪಾಲಿಸಬೇಕಾದ ಷರತ್ತುಗಳು ಮತ್ತು ಸುರಕ್ಷತೆಯ ವಿಷಯಗಳನ್ನು ತಿಳಿಸುವುದು ಈ ಪುಟದ ಉದ್ದೇಶವಾಗಿದೆ. ಅನುಮತಿ ಪತ್ರವು ಕೇವಲ ಶುಲ್ಕದ ರಸೀದಿಯಲ್ಲ. ಬೆಳಿಗ್ಗೆ ಕಾಡಿನೊಳಗೆ ಹೋದವರ ಸಂಖ್ಯೆಯೂ ಸಂಜೆ ಹೊರಬಂದವರ ಸಂಖ್ಯೆಯೂ ಒಂದೇ ಆಗಿದೆಯೇ ಎಂಬುದನ್ನು ಸಿಬ್ಬಂದಿ ತಿಳಿಯಲು ಇರುವ ಆಧಾರ ಅದೊಂದೇ ಎಂಬುದನ್ನು ಅರ್ಜಿದಾರರು ಗಮನಿಸತಕ್ಕದ್ದು.

2. ಪ್ರದೇಶದ ಪರಿಚಯ

ಕುದುರೆಮುಖ ರಾಷ್ಟ್ರೀಯ ಉದ್ಯಾನವನ್ನು 1987ರಲ್ಲಿ ಘೋಷಿಸಲಾಯಿತು. ಅಂತಿಮ ಅಧಿಸೂಚನೆಯು 2001ರಲ್ಲಿ ಹೊರಬಿತ್ತು. ಸುಮಾರು 600 ಚದರ ಕಿ.ಮೀ. ವಿಸ್ತೀರ್ಣದ ಈ ಉದ್ಯಾನವು ಚಿಕ್ಕಮಗಳೂರು, ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಹರಡಿಕೊಂಡಿದೆ. ಇದರ ಆಡಳಿತವನ್ನು ನೋಡಿಕೊಳ್ಳುವ ಕುದುರೆಮುಖ ವನ್ಯಜೀವಿ ವಿಭಾಗದ ಕೇಂದ್ರ ಕಚೇರಿಯು ಕಾರ್ಕಳದಲ್ಲಿದೆ. 1974ರಲ್ಲಿ ಘೋಷಿತವಾದ ಸೋಮೇಶ್ವರ ಮತ್ತು ಮೂಕಾಂಬಿಕಾ ವನ್ಯಜೀವಿ ಅಭಯಾರಣ್ಯಗಳೂ ಇದೇ ವಿಭಾಗಕ್ಕೆ ಸೇರಿವೆ.

2012ರಲ್ಲಿ ಯುನೆಸ್ಕೋ ಸಂಸ್ಥೆಯು ಪಶ್ಚಿಮ ಘಟ್ಟಗಳ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕುದುರೆಮುಖ ರಾಷ್ಟ್ರೀಯ ಉದ್ಯಾನ ಮತ್ತು ಸೋಮೇಶ್ವರ ಅಭಯಾರಣ್ಯ ಆ ಪಟ್ಟಿಯಲ್ಲಿವೆ.

ಉದ್ಯಾನದ ಎತ್ತರದ ಭಾಗಗಳಲ್ಲಿ ಹುಲ್ಲುಗಾವಲು ಮತ್ತು ಶೋಲಾ ಕಾಡು ಒಂದರ ಪಕ್ಕದಲ್ಲಿ ಒಂದು ಇವೆ. ಗಾಳಿ ಹೆಚ್ಚಿರುವ ಏಣುಗಳ ಮೇಲೆ ಹುಲ್ಲು ಬೆಳೆದರೆ, ಏಣುಗಳ ನಡುವಣ ತೇವದ ಕಣಿವೆಗಳಲ್ಲಿ ಗಿಡ್ಡ ಮರಗಳ ದಟ್ಟ ಶೋಲಾ ಬೆಳೆಯುತ್ತದೆ. ದೂರದಿಂದ ಬೋಳುಗುಡ್ಡದಂತೆ ತೋರುವ ಹುಲ್ಲುಗಾವಲು ಹಾಳುಬಿದ್ದ ನೆಲವಲ್ಲ. ಮಳೆಗಾಲದ ನೀರನ್ನು ಹುಲ್ಲು ಮತ್ತು ಶೋಲಾದ ಮಣ್ಣು ಹೀರಿಕೊಂಡು, ಬೇಸಿಗೆಯವರೆಗೂ ನಿಧಾನವಾಗಿ ಹಳ್ಳಗಳಿಗೆ ಬಿಡುತ್ತವೆ.

ತುಂಗಾ ಮತ್ತು ಭದ್ರಾ ನದಿಗಳು ಇಲ್ಲಿನ ಗಂಗಾಮೂಲದಲ್ಲಿ ಹುಟ್ಟಿ ಪೂರ್ವಕ್ಕೆ ಹರಿಯುತ್ತವೆ. ನೇತ್ರಾವತಿ, ಸ್ವರ್ಣಾ ಮತ್ತು ಸೀತಾ ನದಿಗಳು ಇದೇ ಘಟ್ಟಸಾಲಿನ ನೀರನ್ನು ಪಶ್ಚಿಮಕ್ಕೆ ಒಯ್ಯುತ್ತವೆ. ಉಡುಪಿ ಮತ್ತು ಮಣಿಪಾಲಕ್ಕೆ ಕುಡಿಯುವ ನೀರನ್ನು ಹಿರಿಯಡಕ ಸಮೀಪದ ಬಜೆ ಅಣೆಕಟ್ಟಿನಲ್ಲಿ ಸ್ವರ್ಣಾ ನದಿಯಿಂದ ಎತ್ತಲಾಗುತ್ತದೆ. 2019ರ ಬೇಸಿಗೆಯಲ್ಲಿ ಬಜೆಯ ನೀರು ತಳಮುಟ್ಟಿ ನಗರದಲ್ಲಿ ನೀರಿಗೆ ತೀವ್ರ ಅಭಾವ ಉಂಟಾಗಿತ್ತು. ಘಟ್ಟದ ಮೇಲಿನ ಹುಲ್ಲು ಸುಟ್ಟುಹೋದರೆ ಅಥವಾ ತುಳಿತಕ್ಕೆ ಸಿಕ್ಕಿ ಮಣ್ಣು ಕೊಚ್ಚಿಹೋದರೆ ಅದರ ಪರಿಣಾಮವು ಕರಾವಳಿಯ ಬಾವಿ ಮತ್ತು ನಲ್ಲಿಗಳವರೆಗೆ ತಲುಪುತ್ತದೆ.

ಸಿಂಗಳೀಕ, ಹುಲಿ, ಚಿರತೆ, ಕಾಟಿ (ಕಾಡುಕೋಣ), ಕಡವೆ, ಮಂಗಟ್ಟೆ ಹಕ್ಕಿ, ಕಾಳಿಂಗ ಸರ್ಪ ಮುಂತಾದವು ಇಲ್ಲಿನ ಪ್ರಮುಖ ವನ್ಯಜೀವಿಗಳು. ಮಲೆಕುಡಿಯ ಮುಂತಾದ ಸಮುದಾಯಗಳ ಕುಟುಂಬಗಳು ಉದ್ಯಾನದ ಒಳಗೂ ಅಂಚಿನಲ್ಲೂ ವಾಸವಾಗಿವೆ.

3. ಸಂರಕ್ಷಣೆಯ ಹಿನ್ನೆಲೆ

1976ರಲ್ಲಿ ಸ್ಥಾಪನೆಗೊಂಡ ಕುದುರೆಮುಖ ಕಬ್ಬಿಣದ ಅದಿರು ಕಂಪನಿಯು ಈ ಬೆಟ್ಟಗಳಲ್ಲಿ ಗಣಿಗಾರಿಕೆ ನಡೆಸಿತು. ಅದಿರನ್ನು ನೀರಿನೊಂದಿಗೆ ಬೆರೆಸಿ ಸುಮಾರು 67 ಕಿ.ಮೀ. ಉದ್ದದ ಕೊಳವೆಯ ಮೂಲಕ ಮಂಗಳೂರಿನ ಪಣಂಬೂರಿಗೆ ಸಾಗಿಸಲಾಗುತ್ತಿತ್ತು. ಗಣಿಯ ಹೂಳನ್ನು ತಡೆಯಲು ಲಕ್ಯಾ ಹಳ್ಳಕ್ಕೆ ಅಣೆಕಟ್ಟು ಕಟ್ಟಲಾಯಿತು. ಸಾರ್ವಜನಿಕರ ಹೋರಾಟ ಮತ್ತು ನ್ಯಾಯಾಲಯದಲ್ಲಿ ಹೂಡಲಾದ ಅರ್ಜಿಯ ಫಲವಾಗಿ ಸರ್ವೋಚ್ಚ ನ್ಯಾಯಾಲಯವು 30 ಅಕ್ಟೋಬರ್ 2002ರಂದು ತೀರ್ಪು ನೀಡಿತು. ಅದರಂತೆ 2005ರ ಅಂತ್ಯಕ್ಕೆ ಗಣಿಗಾರಿಕೆ ಸ್ಥಗಿತಗೊಂಡಿತು. ಇಂದು ಚಾರಣಿಗರು ಕಾಣುವ ಹಸಿರು ಉಳಿದುಬಂದಿರುವುದು ಹೀಗೆ.

4. ಪ್ರಮುಖ ಚಾರಣ ಪಥಗಳು

ಅ) ಕುದುರೆಮುಖ ಶಿಖರ: ಸಂಸೆ ಸಮೀಪದ ಬಾಳೆಗಲ್ ಮೂಲಕ ಮುಳ್ಳೋಡಿಗೆ ತಲುಪಿ, ಅಲ್ಲಿಂದ ನಡಿಗೆ ಆರಂಭಿಸಬೇಕು. ಬಾಳೆಗಲ್‌ನಿಂದ ಮುಳ್ಳೋಡಿಯವರೆಗಿನ ರಸ್ತೆ ಕಡಿದಾಗಿದ್ದು, ಸಾಮಾನ್ಯವಾಗಿ ಸ್ಥಳೀಯ ಜೀಪುಗಳಲ್ಲಿ ಹೋಗಲಾಗುತ್ತದೆ. ಹೋಗಿಬರುವ ದೂರ ಸುಮಾರು 20ರಿಂದ 22 ಕಿ.ಮೀ.; ಇಡೀ ದಿನ ಬೇಕಾಗುತ್ತದೆ. ದಾರಿಯಲ್ಲಿ ಹಲವು ಹಳ್ಳಗಳನ್ನು ದಾಟಬೇಕು. ಒಂಟಿಮರ ಮತ್ತು ಲೋಬೋ ಮನೆಯ ಅವಶೇಷಗಳು ಈ ಪಥದ ಪರಿಚಿತ ಗುರುತುಗಳು. ಕೊನೆಯ ಭಾಗವು ಕಡಿದಾದ ಏರು.

ಆ) ಕುರಿಂಜಾಲ್: ಕಾರ್ಕಳ–ಕುದುರೆಮುಖ ರಸ್ತೆಯ ಭಗವತಿ ಪ್ರಕೃತಿ ಶಿಬಿರದ ಸಮೀಪದಿಂದ ಹೋಗುವ ಪಥ. ಕುದುರೆಮುಖ ಶಿಖರದ ಪಥಕ್ಕಿಂತ ಚಿಕ್ಕದು. ಮೊದಲ ಭಾಗ ಕಾಡಿನ ನೆರಳಿನಲ್ಲಿಯೂ ಕೊನೆಯ ಭಾಗ ತೆರೆದ ಏಣಿನ ಮೇಲೆಯೂ ಸಾಗುತ್ತದೆ.

ಇ) ಗಂಗಡಿಕಲ್ಲು: ಉದ್ಯಾನದೊಳಗಿನ ಮತ್ತೊಂದು ಶಿಖರ ಪಥ. ದೂರ ಕಡಿಮೆಯಾದರೂ ಏರು ಹೆಚ್ಚು. ನೆರಳಿಲ್ಲದ ಹುಲ್ಲುಗಾವಲಿನ ದಾರಿಯಾದ್ದರಿಂದ ಬಿಸಿಲು ಮತ್ತು ಗಾಳಿ ಎರಡಕ್ಕೂ ಸಿದ್ಧರಿರಬೇಕು.

ಈ) ನರಸಿಂಹ ಪರ್ವತ: ಶೃಂಗೇರಿ ತಾಲ್ಲೂಕಿನ ಕಿಗ್ಗದ ಕಡೆಯಿಂದ ಏರಬಹುದಾದ ಈ ಬೆಟ್ಟವು ಆಗುಂಬೆ ಕಾಡುಗಳ ನಡುವೆ ಇದೆ. ಸೀತಾ ನದಿಯ ಹುಟ್ಟು ಈ ಭಾಗದಲ್ಲಿದೆ. ಆಗುಂಬೆಯಲ್ಲಿ ವಾರ್ಷಿಕ ಸರಾಸರಿ ಮಳೆ 7,000 ಮಿ.ಮೀ.ಗೂ ಅಧಿಕ.

ಉ) ಕೊಡಚಾದ್ರಿ: ಸುಮಾರು 1,343 ಮೀಟರ್ ಎತ್ತರದ ಈ ಶಿಖರವು ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿದ್ದು, ಉಡುಪಿ ಜಿಲ್ಲೆಯ ಕೊಲ್ಲೂರಿನ ಕಡೆಯಿಂದಲೂ ತಲುಪಬಹುದು. ಮೂಕಾಂಬಿಕಾ ಅಭಯಾರಣ್ಯದ ಷರತ್ತುಗಳು ಅನ್ವಯಿಸುತ್ತವೆ.

5. ತಲುಪುವ ಮಾರ್ಗ

ಉಡುಪಿ ಮತ್ತು ಮಣಿಪಾಲದವರು ಕಾರ್ಕಳಕ್ಕೆ ಬಂದು, ಅಲ್ಲಿಂದ ರಾಷ್ಟ್ರೀಯ ಹೆದ್ದಾರಿ 169ರಲ್ಲಿ ಬಜಗೋಳಿ, ಮಾಳ ಮೂಲಕ ಎಸ್.ಕೆ. ಬಾರ್ಡರ್ ತಲುಪಬೇಕು. ಕಾಪುವಿನವರು ಪಡುಬಿದ್ರಿ–ಬೆಳ್ಮಣ್ ಮೂಲಕ ಕಾರ್ಕಳಕ್ಕೆ ಬರಬಹುದು. ಈ ಕರಾವಳಿ ಜಿಲ್ಲೆಯು ಹಿಂದೆ ಸೌತ್ ಕೆನರಾ ಎಂದು ಕರೆಯಲ್ಪಡುತ್ತಿದ್ದುದರಿಂದ ಅದರ ಗಡಿಗೆ ಎಸ್.ಕೆ. ಬಾರ್ಡರ್ ಎಂಬ ಹೆಸರು ಉಳಿದಿದೆ. ಇಲ್ಲಿ ದಾರಿ ಕವಲೊಡೆದು, ಒಂದು ಕೆರೆಕಟ್ಟೆಯ ಮೂಲಕ ಶೃಂಗೇರಿಗೂ ಇನ್ನೊಂದು ಕುದುರೆಮುಖ, ಸಂಸೆ, ಕಳಸಕ್ಕೂ ಹೋಗುತ್ತದೆ. ಆಗುಂಬೆಯ ಕಡೆಗೆ ಹೋಗುವವರು ಮಣಿಪಾಲದಿಂದ ಹೆಬ್ರಿ, ಸೋಮೇಶ್ವರ ಮೂಲಕ ರಾಷ್ಟ್ರೀಯ ಹೆದ್ದಾರಿ 169ಎ ಹಿಡಿಯಬೇಕು.

ಉದ್ಯಾನದೊಳಗಿನ ರಸ್ತೆಯಲ್ಲಿ ವಾಹನ ನಿಲ್ಲಿಸುವುದು, ಕಾಡಿಗೆ ಇಳಿಯುವುದು, ಊಟಕ್ಕೆ ಕೂರುವುದು ಮತ್ತು ಮಂಗಗಳಿಗೆ ತಿಂಡಿ ಎಸೆಯುವುದು ನಿಷಿದ್ಧ. ತನಿಖಾ ಠಾಣೆಗಳಲ್ಲಿ ಸಿಬ್ಬಂದಿಯ ಪರಿಶೀಲನೆಗೆ ಸಹಕರಿಸತಕ್ಕದ್ದು. ಘಟ್ಟದ ತಿರುವುಗಳು ಮತ್ತು ಮಂಜಿನ ಕಾರಣ ವಾಹನದ ವೇಗ ಮಿತಿಯಲ್ಲಿರಬೇಕು. ಪ್ರಯಾಣದ ಅವಧಿಯನ್ನು ಅಂದಾಜಿಸುವಾಗ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

6. ಅನುಮತಿ ಏಕೆ ಅಗತ್ಯ: ಕಾನೂನಿನ ಅವಕಾಶಗಳು

ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ ಕಲಂ 27ರ ಪ್ರಕಾರ ಕರ್ತವ್ಯನಿರತ ಸರ್ಕಾರಿ ನೌಕರರು, ಅಲ್ಲಿ ವಾಸಿಸಲು ಅನುಮತಿ ಉಳ್ಳವರು, ಅಲ್ಲಿ ಸ್ಥಿರಾಸ್ತಿಯ ಹಕ್ಕುಳ್ಳವರು, ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರು ಮತ್ತು ಈ ಪೈಕಿ ಕೆಲವರ ಅವಲಂಬಿತರನ್ನು ಬಿಟ್ಟು ಉಳಿದವರು ಅನುಮತಿ ಇಲ್ಲದೆ ಸಂರಕ್ಷಿತ ಪ್ರದೇಶವನ್ನು ಪ್ರವೇಶಿಸುವಂತಿಲ್ಲ. ಕಲಂ 28ರಡಿ ಅಧ್ಯಯನ, ಛಾಯಾಗ್ರಹಣ, ಸಂಶೋಧನೆ, ಪ್ರವಾಸ ಮುಂತಾದ ಉದ್ದೇಶಗಳಿಗೆ ಷರತ್ತು ಮತ್ತು ಶುಲ್ಕಕ್ಕೆ ಒಳಪಟ್ಟು ಅನುಮತಿ ನೀಡಲಾಗುತ್ತದೆ. ಅಭಯಾರಣ್ಯಗಳಿಗೆ ಸಂಬಂಧಿಸಿದ ಈ ಕಲಂಗಳು ಕಲಂ 35ರ ಮೂಲಕ ರಾಷ್ಟ್ರೀಯ ಉದ್ಯಾನಗಳಿಗೂ ಅನ್ವಯಿಸುತ್ತವೆ.

ವನ್ಯಪ್ರಾಣಿಗಳನ್ನು ಕೆಣಕುವುದು ಹಾಗೂ ಕಸ ಎಸೆಯುವುದು ಕಲಂ 27ರಡಿ, ಬೆಂಕಿ ಹಚ್ಚುವುದು ಕಲಂ 30ರಡಿ, ಆಯುಧದೊಂದಿಗೆ ಪ್ರವೇಶಿಸುವುದು ಕಲಂ 31ರಡಿ ನಿಷಿದ್ಧ. 2022ರ ತಿದ್ದುಪಡಿಯ ನಂತರ ಅಧಿನಿಯಮದ ಸಾಮಾನ್ಯ ಉಲ್ಲಂಘನೆಗಳಿಗೆ 3 ವರ್ಷಗಳವರೆಗೆ ಕಾರಾಗೃಹ ವಾಸ ಅಥವಾ 1 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ.

7. ಅರ್ಜಿ ಸಲ್ಲಿಸುವ ವಿಧಾನ

2024ರ ಜನವರಿಯ ಗಣರಾಜ್ಯೋತ್ಸವದ ರಜಾ ದಿನಗಳಲ್ಲಿ ಕುಮಾರ ಪರ್ವತ ಪಥದಲ್ಲಿ ಭಾರೀ ಜನಸಂದಣಿ ಉಂಟಾಯಿತು. ಅದರ ಬೆನ್ನಲ್ಲೇ ಆನ್‌ಲೈನ್ ಕಾಯ್ದಿರಿಸುವಿಕೆ ಇಲ್ಲದ ಪಥಗಳಲ್ಲಿ ಚಾರಣವನ್ನು ತಾತ್ಕಾಲಿಕವಾಗಿ ನಿರ್ಬಂಧಿಸಲಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣವು ಕಾರ್ಯಾರಂಭ ಮಾಡಿತು. ಪಥವೊಂದಕ್ಕೆ ದಿನಕ್ಕೆ ಗರಿಷ್ಠ 300 ಚಾರಣಿಗರು ಎಂಬ ಮಿತಿಯನ್ನು ಆಗ ಪ್ರಕಟಿಸಲಾಯಿತು.

ಅರ್ಜಿದಾರರು ಅನುಸರಿಸಬೇಕಾದ ಹಂತಗಳು:

(1) ಜಾಲತಾಣದಲ್ಲಿ ಮೊಬೈಲ್ ಸಂಖ್ಯೆಯ ಮೂಲಕ ನೋಂದಾಯಿಸಿಕೊಳ್ಳುವುದು.
(2) ಜಿಲ್ಲೆ, ಪಥ ಮತ್ತು ದಿನಾಂಕವನ್ನು ಆಯ್ಕೆ ಮಾಡುವುದು. ಪಥದ ಪ್ರವೇಶ ಸ್ಥಳ ಯಾವುದೆಂಬುದನ್ನು ಇಲ್ಲಿಯೇ ಖಚಿತಪಡಿಸಿಕೊಳ್ಳಬೇಕು. ಒಂದೇ ಬೆಟ್ಟಕ್ಕೆ ಬೇರೆ ಕಡೆಯಿಂದ ಪ್ರವೇಶಿಸಲು ಆ ಟಿಕೆಟ್ ಸಾಲದೆ ಹೋಗಬಹುದು.
(3) ತಂಡದ ಪ್ರತಿಯೊಬ್ಬ ಸದಸ್ಯರ ಹೆಸರು, ವಯಸ್ಸು ಮತ್ತು ಗುರುತಿನ ಚೀಟಿಯ ವಿವರಗಳನ್ನು ಚೀಟಿಯಲ್ಲಿ ಇರುವಂತೆಯೇ ನಮೂದಿಸುವುದು.
(4) ನಿಗದಿತ ಶುಲ್ಕವನ್ನು ಪಾವತಿಸುವುದು. ಪ್ರಚಲಿತ ದರವನ್ನು ಜಾಲತಾಣದಲ್ಲಿ ನೋಡಿಕೊಳ್ಳತಕ್ಕದ್ದು.
(5) ಟಿಕೆಟನ್ನು ಮುದ್ರಿಸಿಕೊಳ್ಳುವುದು ಅಥವಾ ಮೊಬೈಲ್‌ನಲ್ಲಿ ಉಳಿಸಿಕೊಳ್ಳುವುದು. ಬಜಗೋಳಿ ದಾಟಿದ ನಂತರ ಹಲವೆಡೆ ಸಂಪರ್ಕ ಸಿಗುವುದಿಲ್ಲವಾದ್ದರಿಂದ, ಪ್ರವೇಶ ಸ್ಥಳದಲ್ಲಿ ಜಾಲತಾಣ ತೆರೆದು ತೋರಿಸಬಹುದೆಂದು ನಂಬಿ ಹೋಗಬಾರದು.
(6) ನಿಗದಿತ ದಿನ ಮತ್ತು ಸಮಯಕ್ಕೆ ಮೂಲ ಗುರುತಿನ ಚೀಟಿಯೊಂದಿಗೆ ಹಾಜರಾಗುವುದು.

ಹೊರಡುವ ಹಿಂದಿನ ದಿನ ಜಾಲತಾಣವನ್ನು ಮತ್ತೊಮ್ಮೆ ನೋಡಿಕೊಳ್ಳಬೇಕು. ಮಳೆ, ಬೆಂಕಿ ಅಥವಾ ವನ್ಯಪ್ರಾಣಿಗಳ ಚಲನವಲನದ ಕಾರಣ ಪಥವನ್ನು ಮುಚ್ಚಿರಬಹುದು. ಖಾಸಗಿ ವ್ಯಕ್ತಿಗಳಿಂದ ಹೆಚ್ಚಿನ ಹಣ ಕೊಟ್ಟು ಟಿಕೆಟ್ ಪಡೆಯಬಾರದು. ಅಂತಹ ಟಿಕೆಟ್ ನಕಲಿಯಾಗಿದ್ದಲ್ಲಿ ಪ್ರವೇಶ ದೊರೆಯುವುದಿಲ್ಲ.

8. ಚಾರಣಕ್ಕೆ ಸೂಕ್ತ ಕಾಲ

ಅಕ್ಟೋಬರ್‌ನಿಂದ ಜನವರಿಯವರೆಗೆ ಹವೆ ಹಿತಕರವಾಗಿದ್ದು, ದೂರದ ನೋಟವೂ ಸ್ಪಷ್ಟವಾಗಿರುತ್ತದೆ. ಆದರೆ ನವೆಂಬರ್–ಡಿಸೆಂಬರ್‌ನಲ್ಲಿ ಸೂರ್ಯಾಸ್ತವು ಸಂಜೆ 6 ಗಂಟೆಯ ಆಸುಪಾಸಿನಲ್ಲಿ ಆಗುವುದರಿಂದ ಹಿಂತಿರುಗುವ ಸಮಯವನ್ನು ಮೊದಲೇ ಲೆಕ್ಕ ಹಾಕಬೇಕು. ಶೋಲಾ ಕಾಡಿನೊಳಗೆ ಅದಕ್ಕೂ ಮುಂಚೆಯೇ ಕತ್ತಲಾಗುತ್ತದೆ.

ಫೆಬ್ರವರಿಯಿಂದ ಮೇ ತಿಂಗಳವರೆಗೆ ಹುಲ್ಲು ಒಣಗಿ ಕಾಳ್ಗಿಚ್ಚಿನ ಅಪಾಯವಿರುತ್ತದೆ. ಈ ಅವಧಿಯಲ್ಲಿ ಚಾರಣವನ್ನು ಸಾಮಾನ್ಯವಾಗಿ ನಿರ್ಬಂಧಿಸಲಾಗುತ್ತದೆ. ಒಣ ಹುಲ್ಲಿನಲ್ಲಿ ಬಿದ್ದ ಒಂದು ಬೀಡಿಯ ತುಂಡು ಗಾಳಿಯ ಸಹಾಯದಿಂದ ಇಡೀ ಗುಡ್ಡವನ್ನು ಸುಡಬಲ್ಲದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಬೆಟ್ಟಗಳು ಹಸಿರಾಗಿರುವುದರಿಂದ ಬೇಡಿಕೆ ಹೆಚ್ಚು, ಅಪಾಯವೂ ಹೆಚ್ಚು. ಹವಾಮಾನ ಇಲಾಖೆಯು ಕಿತ್ತಳೆ ಅಥವಾ ಕೆಂಪು ಎಚ್ಚರಿಕೆ ನೀಡಿದ ದಿನಗಳಲ್ಲಿ ಟಿಕೆಟ್ ಕೈಯಲ್ಲಿದ್ದರೂ ಪ್ರಯಾಣವನ್ನು ಮುಂದೂಡುವುದು ಲೇಸು.

9. ಸುರಕ್ಷತೆ

ಅ) ಮಂಜು: ಏಣುಗಳ ಮೇಲೆ ಮಂಜು ಕೆಲವೇ ನಿಮಿಷಗಳಲ್ಲಿ ಕವಿಯುತ್ತದೆ. ಹುಲ್ಲಿನಲ್ಲಿ ಕಾಟಿ ಮತ್ತು ದನಗಳು ತುಳಿದ ದಾರಿಗಳು ಚಾರಣದ ಪಥದಂತೆಯೇ ಕಾಣುವುದರಿಂದ ದಾರಿ ತಪ್ಪುವುದು ಸುಲಭ. ತಂಡವು ಒಟ್ಟಾಗಿಯೇ ನಡೆಯಬೇಕು. ಅತಿ ನಿಧಾನವಾಗಿ ನಡೆಯುವವರ ವೇಗವೇ ತಂಡದ ವೇಗವಾಗಿರಬೇಕು. ದಾರಿ ತಪ್ಪಿದ್ದು ತಿಳಿದ ಕೂಡಲೇ ನಿಲ್ಲಬೇಕು. ಸ್ಪಷ್ಟವಾಗಿ ಗುರುತಿರುವ ಸ್ಥಳಕ್ಕೆ ಬಂದ ದಾರಿಯಲ್ಲಿಯೇ ಹಿಂದಿರುಗಬೇಕು. ಅದು ಸಾಧ್ಯವಾಗದಿದ್ದರೆ ಇದ್ದಲ್ಲಿಯೇ ಒಟ್ಟಾಗಿದ್ದು ಸೀಟಿ ಊದಬೇಕು. ಹಳ್ಳದ ಜಾಡು ಹಿಡಿದು ಕೆಳಗಿಳಿದರೆ ಊರು ಸಿಗುತ್ತದೆ ಎಂಬ ನಂಬಿಕೆ ಘಟ್ಟದಂಚಿನಲ್ಲಿ ಅಪಾಯಕಾರಿ. ಇಲ್ಲಿನ ಹಳ್ಳಗಳು ಪಶ್ಚಿಮದ ಕಡಿದಾದ ಬಂಡೆಗಳಿಂದ ಧುಮುಕುತ್ತವೆ.

ಆ) ಹಳ್ಳಗಳು: ಮೇಲ್ಭಾಗದಲ್ಲಿ ಸುರಿದ ಮಳೆಯಿಂದ ಹಳ್ಳದ ನೀರು ಹಠಾತ್ತನೆ ಏರಬಹುದು. ನೀರು ಕೆಂಪಾದರೆ, ಸದ್ದು ಜೋರಾದರೆ ದಾಟಬಾರದು. ಬೆಳಿಗ್ಗೆ ಮೊಣಕಾಲುದ್ದವಿದ್ದ ಹಳ್ಳವು ಮಧ್ಯಾಹ್ನ ದಾಟಲಾಗದಂತೆ ಆಗುವುದುಂಟು. ಜಲಪಾತದ ತುದಿಯ ಪಾಚಿಗಟ್ಟಿದ ಬಂಡೆಗಳ ಮೇಲೆ ಛಾಯಾಚಿತ್ರಕ್ಕಾಗಿ ನಿಲ್ಲಬಾರದು.

ಇ) ಚಳಿ: ಪ್ರತಿ 1,000 ಮೀಟರ್ ಎತ್ತರಕ್ಕೆ ಉಷ್ಣಾಂಶವು ಸುಮಾರು 6 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಕಾಪುವಿನಲ್ಲಿ 30 ಡಿಗ್ರಿ ಇರುವಾಗ ಶಿಖರದಲ್ಲಿ 20 ಡಿಗ್ರಿಗಿಂತ ಕಡಿಮೆ ಇರಬಹುದು. ಒದ್ದೆ ಬಟ್ಟೆ ಮತ್ತು ಗಾಳಿ ಸೇರಿದಾಗ ಕರಾವಳಿಯ ಸೆಕೆಗೆ ಒಗ್ಗಿದ ದೇಹ ಬೇಗ ತಣ್ಣಗಾಗುತ್ತದೆ. ನಡುಕ, ತೊದಲು ಮಾತು, ಮಂಕು ಕಂಡುಬಂದವರಿಗೆ ಒಣ ಬಟ್ಟೆ ಹೊದಿಸಿ ಕೂಡಲೇ ಕೆಳಗೆ ಕರೆತರಬೇಕು. ಒಂದು ಜೊತೆ ಒಣ ಬಟ್ಟೆಯನ್ನು ಪ್ಲಾಸ್ಟಿಕ್ ಅಲ್ಲದ ನೀರು ಸೋರದ ಚೀಲದಲ್ಲಿ ಒಯ್ಯುವುದು ಅವಶ್ಯ.

ಈ) ಸಿಡಿಲು: ಮುಂಗಾರಿನ ಮೊದಲು ಮತ್ತು ಅಕ್ಟೋಬರ್–ನವೆಂಬರ್‌ನಲ್ಲಿ ಮಧ್ಯಾಹ್ನದ ನಂತರ ಗುಡುಗು ಸಿಡಿಲು ಸಾಮಾನ್ಯ. ತೆರೆದ ಏಣಿನ ಮೇಲೆ ನಿಂತ ಮನುಷ್ಯನೇ ಅಲ್ಲಿ ಎತ್ತರದ ವಸ್ತುವಾಗಿರುತ್ತಾನೆ. ಗುಡುಗು ಕೇಳಿದ ತಕ್ಷಣ ಏಣಿನಿಂದ ಕೆಳಗಿಳಿಯಬೇಕು. ಒಂಟಿ ಮರದ ಕೆಳಗೆ ಆಶ್ರಯ ಪಡೆಯಬಾರದು.

ಉ) ಉಂಬಳ ಮತ್ತು ಉಣುಗು: ಮಳೆಗಾಲದಲ್ಲಿ ಉಂಬಳಗಳ ಕಾಟವಿರುತ್ತದೆ; ಇವುಗಳಿಂದ ಗಂಭೀರ ಅಪಾಯವಿಲ್ಲ. ಉಣುಗುಗಳ ವಿಷಯ ಹಾಗಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆಯು ಉಣುಗುಗಳ ಕಡಿತದಿಂದ ಹರಡುತ್ತದೆ. ಡಿಸೆಂಬರ್‌ನಿಂದ ಮೇವರೆಗೆ ಇದರ ಹಾವಳಿ ಹೆಚ್ಚು. ತುಂಬು ತೋಳಿನ ಅಂಗಿ, ಉದ್ದದ ಪ್ಯಾಂಟು ಧರಿಸಿ, ಕಾಲುಚೀಲದೊಳಗೆ ಪ್ಯಾಂಟಿನ ಅಂಚನ್ನು ಸೇರಿಸಬೇಕು. ಚರ್ಮಕ್ಕೆ ಡೇಪಾ ತೈಲ ಹಚ್ಚಿಕೊಳ್ಳಬಹುದು. ಮನೆಗೆ ಮರಳಿದ ಮೇಲೆ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆಯಬೇಕು. ಸತ್ತ ಮಂಗವನ್ನು ಕಂಡರೆ ಹತ್ತಿರ ಹೋಗದೆ ಸಿಬ್ಬಂದಿಗೆ ತಿಳಿಸಬೇಕು. ಚಾರಣದ ನಂತರದ ದಿನಗಳಲ್ಲಿ ತೀವ್ರ ಜ್ವರ, ತಲೆನೋವು, ಮೈಕೈ ನೋವು ಬಂದಲ್ಲಿ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು.

ಊ) ಹಾವಿನ ಕಡಿತ: ಕಡಿತಕ್ಕೊಳಗಾದವರನ್ನು ಅಲುಗಾಡಿಸದೆ, ಕಡಿದ ಅಂಗವನ್ನು ಪಟ್ಟಿಯಿಂದ ಸ್ಥಿರಗೊಳಿಸಿ, ಹೊತ್ತು ಸಾಗಿಸಬೇಕು. ಬಿಗಿಯಾಗಿ ಕಟ್ಟುವುದು, ಗಾಯ ಕೊಯ್ಯುವುದು, ಹೀರುವುದು ಕೂಡದು. ಭಾರತದಲ್ಲಿ ದೊರೆಯುವ ಪ್ರತಿವಿಷವನ್ನು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲ ಎಂಬ ನಾಲ್ಕು ಹಾವುಗಳ ವಿಷಕ್ಕಾಗಿ ತಯಾರಿಸಲಾಗಿದೆ. ಕಾಳಿಂಗ ಸರ್ಪ ಮತ್ತು ಘಟ್ಟದ ಕುಳಿ ಮಂಡಲಗಳ ವಿಷಕ್ಕೆ ಅದು ಸಿದ್ಧಪಡಿಸಿದ್ದಲ್ಲ. ಆದ್ದರಿಂದ ಹಾವಿನಿಂದ ದೂರವಿರುವುದೇ ಮುಖ್ಯ ರಕ್ಷಣೆ. ಕೈಯಿಡುವ ಬಂಡೆ, ಕೂರುವ ಮರದ ದಿಮ್ಮಿಯನ್ನು ಮೊದಲು ನೋಡಬೇಕು.

ಋ) ತುರ್ತು ಸಂಪರ್ಕ: ತುರ್ತು ಸೇವೆ 112, ಆಂಬ್ಯುಲೆನ್ಸ್ 108, ಅರಣ್ಯ ಸಹಾಯವಾಣಿ 1926. ಏಣುಗಳ ಬಹುಭಾಗದಲ್ಲಿ ಮೊಬೈಲ್ ಸಂಪರ್ಕವಿಲ್ಲ. ಆದ್ದರಿಂದ ಹೋಗುವ ಪಥ, ತಂಡದವರ ಹೆಸರು ಮತ್ತು ಮರಳುವ ಸಮಯವನ್ನು ಮನೆಯಲ್ಲಿ ಬರೆದಿಟ್ಟು ಹೋಗತಕ್ಕದ್ದು. ಗಾಯಾಳುವನ್ನು ಬಿಟ್ಟು ಸಹಾಯಕ್ಕೆ ಹೋಗುವಾಗ ಕನಿಷ್ಠ ಒಬ್ಬರು ಗಾಯಾಳುವಿನ ಬಳಿ ಇರಬೇಕು.

10. ಜೊತೆಯಲ್ಲಿ ಒಯ್ಯಬೇಕಾದ ವಸ್ತುಗಳು

• ಟಿಕೆಟ್ ಮತ್ತು ಮೂಲ ಗುರುತಿನ ಚೀಟಿ
• ತಲಾ ಕನಿಷ್ಠ 2ರಿಂದ 3 ಲೀಟರ್ ನೀರು, ಮತ್ತೆ ಮತ್ತೆ ಬಳಸಬಹುದಾದ ಬಾಟಲಿಯಲ್ಲಿ
• ಬುತ್ತಿ, ಬೆಲ್ಲ ಅಥವಾ ಒಣಹಣ್ಣು, ಉಪ್ಪು–ಸಕ್ಕರೆಯ ಪುಡಿ
• ಹಿಡಿತವುಳ್ಳ ಬೂಟು, ಮಳೆ ಅಂಗಿ, ಒಣ ಬಟ್ಟೆ
• ಟಾರ್ಚ್, ಸೀಟಿ, ಪ್ರಥಮ ಚಿಕಿತ್ಸೆಯ ಸಾಮಗ್ರಿ, ನಿತ್ಯ ಸೇವಿಸುವ ಔಷಧಿ
• ತಂಡದ ಕಸವನ್ನು ಮರಳಿ ತರಲು ಬಟ್ಟೆಯ ಚೀಲ

ಕೊಡೆಯು ಏಣಿನ ಗಾಳಿಯಲ್ಲಿ ಉಪಯೋಗಕ್ಕೆ ಬಾರದು.

11. ನಿಷೇಧಿತ ಕಾರ್ಯಗಳು

ಒಂದು ಬಾರಿ ಬಳಸುವ ಪ್ಲಾಸ್ಟಿಕ್, ಮದ್ಯ, ಬೀಡಿ ಸಿಗರೇಟು, ಬೆಂಕಿಪೆಟ್ಟಿಗೆ, ಆಯುಧ ಮತ್ತು ಧ್ವನಿವರ್ಧಕಗಳನ್ನು ಒಯ್ಯುವಂತಿಲ್ಲ. ಅನುಮತಿ ಇಲ್ಲದೆ ಡ್ರೋನ್ ಹಾರಿಸುವುದು, ಶಿಖರದಲ್ಲಿ ರಾತ್ರಿ ತಂಗುವುದು, ಅಡುಗೆ ಮಾಡುವುದು, ಗಿಡ ಹೂವು ಕೀಳುವುದು, ಬಂಡೆಗಳ ಮೇಲೆ ಹೆಸರು ಕೆತ್ತುವುದು ನಿಷಿದ್ಧ. ಗುರುತಿಸಿದ ಪಥವನ್ನು ಬಿಟ್ಟು ಅಡ್ಡದಾರಿ ಮಾಡಿಕೊಳ್ಳಬಾರದು. ಕಡಿದಾದ ಇಳಿಜಾರಿನಲ್ಲಿ ಹೀಗೆ ಆದ ಹೊಸ ಜಾಡು ಮುಂದಿನ ಮಳೆಗೆ ಕೊರಕಲಾಗಿ, ಮಣ್ಣು ಹಳ್ಳ ಸೇರುತ್ತದೆ. ಹಳ್ಳಿಗಳ ಗದ್ದೆ, ತೋಟ, ಮನೆಯಂಗಳಗಳನ್ನು ಒಪ್ಪಿಗೆಯಿಲ್ಲದೆ ಪ್ರವೇಶಿಸಬಾರದು. ನಿವಾಸಿಗಳ ಛಾಯಾಚಿತ್ರವನ್ನು ಅವರನ್ನು ಕೇಳದೆ ತೆಗೆಯಬಾರದು.

12. ಅನುಮತಿ ಅಗತ್ಯವಿಲ್ಲದ ಇತರ ಸ್ಥಳಗಳು

ಹಿರಿಯರು, ಚಿಕ್ಕ ಮಕ್ಕಳು ಮತ್ತು ದೀರ್ಘ ನಡಿಗೆಯ ಅಭ್ಯಾಸವಿಲ್ಲದವರು ಸಮೀಪದ ಎತ್ತರದ ಸ್ಥಳಗಳನ್ನು ಸಂದರ್ಶಿಸಬಹುದು. 1432ರಲ್ಲಿ ಸ್ಥಾಪನೆಗೊಂಡ, 42 ಅಡಿ ಎತ್ತರದ ಗೊಮ್ಮಟೇಶ್ವರ ಮೂರ್ತಿ ಇರುವ ಕಾರ್ಕಳದ ಗೊಮ್ಮಟಬೆಟ್ಟದಿಂದ ಪೂರ್ವಕ್ಕೆ ಘಟ್ಟಗಳ ಸಾಲು ಕಾಣುತ್ತದೆ. ಮಣಿಪಾಲದ ಎಂಡ್ ಪಾಯಿಂಟ್‌ನಿಂದ ಸ್ವರ್ಣಾ ನದಿಯ ಕಣಿವೆಯನ್ನು ನೋಡಬಹುದು. 1901ರಲ್ಲಿ ನಿರ್ಮಿಸಿದ ಕಾಪು ದೀಪಸ್ತಂಭವು ಕಡಲತೀರದ ಬಂಡೆಯ ಮೇಲಿದೆ. ಇವುಗಳಿಗೆ ಅರಣ್ಯ ಇಲಾಖೆಯ ಚಾರಣ ಅನುಮತಿ ಬೇಕಿಲ್ಲ. ಆಯಾ ಸ್ಥಳದ ಸಂದರ್ಶನ ಸಮಯವನ್ನು ಪಾಲಿಸಬೇಕು. ದೀರ್ಘ ಚಾರಣ ಕೈಗೊಳ್ಳುವವರು ಗೊಮ್ಮಟಬೆಟ್ಟದ ಮೆಟ್ಟಿಲುಗಳನ್ನು ಕೆಲವು ದಿನ ಏರಿಳಿದು ಅಭ್ಯಾಸ ಮಾಡಿಕೊಳ್ಳುವುದು ಉಪಯುಕ್ತ.

13. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಕಾರ್ಕಳದಿಂದ ಕಳಸಕ್ಕೆ ವಾಹನದಲ್ಲಿ ಹೋಗಲು ಚಾರಣ ಟಿಕೆಟ್ ಬೇಕೆ?
ಉತ್ತರ: ಬೇಡ. ಸಾರ್ವಜನಿಕ ರಸ್ತೆಯಲ್ಲಿ ಹಾದುಹೋಗಬಹುದು. ಆದರೆ ರಸ್ತೆ ಬಿಟ್ಟು ಕಾಡಿಗೆ ಇಳಿದರೆ ಅದು ಅನುಮತಿಯಿಲ್ಲದ ಪ್ರವೇಶವಾಗುತ್ತದೆ.

ಪ್ರಶ್ನೆ: ಉಡುಪಿ ಜಿಲ್ಲೆಯ ನಿವಾಸಿಗಳಿಗೆ ವಿನಾಯಿತಿ ಇದೆಯೇ?
ಉತ್ತರ: ಇಲ್ಲ. ಸದರಿ ನಿಯಮಗಳು ಎಲ್ಲ ಚಾರಣಿಗರಿಗೂ ಅನ್ವಯಿಸುತ್ತವೆ.

ಪ್ರಶ್ನೆ: ಒಬ್ಬರ ಟಿಕೆಟ್‌ನಲ್ಲಿ ಇನ್ನೊಬ್ಬರು ಹೋಗಬಹುದೇ?
ಉತ್ತರ: ಹೋಗಬಾರದು. ಒಳಗೆ ಅವಘಡ ಸಂಭವಿಸಿದಲ್ಲಿ ಯಾರನ್ನು ಹುಡುಕಬೇಕು, ಯಾರ ಮನೆಗೆ ತಿಳಿಸಬೇಕು ಎಂಬುದು ಟಿಕೆಟ್‌ನಲ್ಲಿರುವ ಹೆಸರಿನಿಂದಲೇ ನಿರ್ಧಾರವಾಗುತ್ತದೆ.

ಪ್ರಶ್ನೆ: ಟಿಕೆಟ್ ಮುಗಿದಿದ್ದರೆ ಪ್ರವೇಶ ಸ್ಥಳದಲ್ಲಿ ಕೇಳಬಹುದೇ?
ಉತ್ತರ: ಹಾಗೆ ನಂಬಿ ಹೋಗಬಾರದು. ಬೇರೆ ದಿನ ಅಥವಾ ಬೇರೆ ಪಥವನ್ನು ಆಯ್ಕೆ ಮಾಡುವುದು ಸೂಕ್ತ. ವಾರದ ದಿನಗಳಲ್ಲಿ ಬೇಡಿಕೆ ಕಡಿಮೆ ಇರುತ್ತದೆ.

ಪ್ರಶ್ನೆ: ಪಥ ಮುಚ್ಚಿದಲ್ಲಿ ಶುಲ್ಕ ಮರಳಿ ಸಿಗುವುದೇ?
ಉತ್ತರ: ಟಿಕೆಟ್ ಕಾಯ್ದಿರಿಸುವಾಗ ಜಾಲತಾಣದಲ್ಲಿ ತೋರಿಸುವ ಷರತ್ತುಗಳಂತೆ ಕ್ರಮ ಜರುಗುತ್ತದೆ. ಷರತ್ತುಗಳನ್ನು ಓದಿದ ನಂತರವೇ ಪಾವತಿ ಮಾಡಬೇಕು.

ಪ್ರಶ್ನೆ: ಮಧ್ಯಾಹ್ನದ ವೇಳೆಗೂ ಶಿಖರ ತಲುಪದಿದ್ದರೆ ಏನು ಮಾಡಬೇಕು?
ಉತ್ತರ: ಹಿಂದಿರುಗಬೇಕು. ಹೊರಡುವ ಮುನ್ನವೇ ತಂಡವು ಹಿಂದಿರುಗುವ ಗಂಟೆಯನ್ನು ನಿಶ್ಚಯಿಸಿಕೊಂಡು, ಶಿಖರ ಎಷ್ಟೇ ಹತ್ತಿರವಿದ್ದರೂ ಆ ಗಂಟೆಗೆ ತಿರುಗಬೇಕು. ಇಳಿಯುವಾಗ ದಣಿವಿನಿಂದ ಕಾಲು ಜಾರುವ ಸಂಭವ ಹೆಚ್ಚು.

14. ಮರಳಿ ಬಂದ ನಂತರ

ಚಾರಣ ಮುಗಿಸಿದವರು ಪ್ರವೇಶ ಸ್ಥಳದಲ್ಲಿ ಸಿಬ್ಬಂದಿಗೆ ತಮ್ಮ ತಂಡದ ಎಲ್ಲರೂ ಮರಳಿರುವುದನ್ನು ತಿಳಿಸಿಯೇ ಹೊರಡತಕ್ಕದ್ದು. ತಿಳಿಸದೆ ಹೋದಲ್ಲಿ, ಮನೆ ತಲುಪಿದವರನ್ನು ಹುಡುಕಿಕೊಂಡು ಅರಣ್ಯ ವೀಕ್ಷಕರು ಕತ್ತಲಲ್ಲಿ, ಮಳೆಯಲ್ಲಿ ಬೆಟ್ಟ ಏರಬೇಕಾಗುತ್ತದೆ. ಪಥದಲ್ಲಿ ಬೆಂಕಿ, ಹೊಗೆ, ಕುಸಿತ, ಬಿದ್ದ ಮರ, ಗಾಯಗೊಂಡ ಅಥವಾ ಸತ್ತ ಪ್ರಾಣಿಯನ್ನು ಕಂಡಿದ್ದಲ್ಲಿ ಅದನ್ನೂ ತಿಳಿಸಬೇಕು. ತಂದ ಕಸವನ್ನು ಘಟ್ಟದ ರಸ್ತೆಯ ಬದಿಯಲ್ಲಿ ಎಸೆಯದೆ ಊರಿನ ಕಸದ ವ್ಯವಸ್ಥೆಗೆ ಒಪ್ಪಿಸಬೇಕು.

ಹೆಚ್ಚಿನ ಮಾಹಿತಿಗಾಗಿ ಸಾರ್ವಜನಿಕರು ಕಾರ್ಕಳದಲ್ಲಿರುವ ಉಪ ಅರಣ್ಯ ಸಂರಕ್ಷಣಾಧಿಕಾರಿ, ಕುದುರೆಮುಖ ವನ್ಯಜೀವಿ ವಿಭಾಗ, ಇವರ ಕಚೇರಿಯನ್ನು ಅಥವಾ ಆಯಾ ವಲಯ ಅರಣ್ಯಾಧಿಕಾರಿಗಳ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.